ಜೈಲಿನೊಳಗಿನ ರೇಡಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲು ರೇಡಿಯೊ ಅಂದ ಕೂಡಲೇ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ನಕ್ಕವರು ಕೇಳಿದ್ದನ್ನೂ ಸಿಟ್ಟಾದವರು ಕೇಳಿದ್ದನ್ನೂ ಇಲ್ಲಿ ಒಟ್ಟಿಗೇ ಹಾಕಿದ್ದೇನೆ. ನಾನು ರೇಡಿಯೊ ಹುಚ್ಚಿನವನು. ಆ ಪಕ್ಷಪಾತವನ್ನು ಓದುಗರು ಲೆಕ್ಕಕ್ಕೆ ತಗೊಂಡೇ ಓದಬೇಕು.

ಜೈಲು ರೇಡಿಯೊ ಅಂದರೆ ಕೈದಿಗಳಿಗೆ ಟ್ರಾನ್ಸಿಸ್ಟರ್ ಕೊಡುವುದಾ?

ಅಲ್ಲ. ಟ್ರಾನ್ಸಿಸ್ಟರ್ ಕೊಟ್ಟರೆ ಹೊರಗಿನ ಲೋಕ ಒಳಗೆ ಕೇಳಿಸುತ್ತದೆ, ಅಷ್ಟೇ. ನಾನು ಹೇಳುತ್ತಿರುವುದು ಜೈಲಿನ ಒಳಗೇ ಒಂದು ಕೋಣೆಯಲ್ಲಿ ಮೈಕ್ ಇಟ್ಟು, ಅಲ್ಲಿರುವವರೇ ಬರೆದು, ಓದಿ, ಹಾಡಿ, ಅಲ್ಲಿರುವವರಿಗೇ ಕೇಳಿಸುವ ರೇಡಿಯೊದ ಮಾತು. ಅದು ಗಾಳಿಯಲ್ಲೇ ಹೋಗಬೇಕು ಅಂತೇನಿಲ್ಲ. ಕೆಲವು ಕಡೆ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಇದೆ, ಕೆಲವು ಕಡೆ ಸೆಲ್ಲಿನ ಟಿವಿಯಲ್ಲೇ ಒಂದು ಚಾನೆಲ್ ಆಗಿ ಬರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ತಂತಿ ಎಳೆದು ಬ್ಯಾರಕ್ಕಿನಲ್ಲಿ ಸ್ಪೀಕರ್ ಹಾಕಿರುತ್ತಾರೆ.

ಇಂಥದ್ದು ಮೊದಲು ಯಾರಿಗೆ ಹೊಳೆಯಿತು?

ಬಿಡಿಬಿಡಿಯಾಗಿ ಹಲವು ಕಡೆ ಹೊಳೆದಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1980ರಲ್ಲೇ ಒಂದು ಕಾರ್ಯಕ್ರಮ ಶುರುವಾಗಿತ್ತು, ಅದರ ಮಾತು ಮುಂದೆ ಬರುತ್ತದೆ. ಆದರೆ ಒಂದು ದೇಶದ ಜೈಲುಗಳಿಗೆಲ್ಲ ಒಂದೇ ರೇಡಿಯೊ ಅನ್ನುವ ಮಟ್ಟಕ್ಕೆ ಬೆಳೆದದ್ದು ಇಂಗ್ಲೆಂಡಿನಲ್ಲಿ.

ಲಂಡನ್ನಿನ ಪಶ್ಚಿಮ ಅಂಚಿನ ಫೆಲ್ಟಮ್‌ನಲ್ಲಿ ಎಳೆಯ ವಯಸ್ಸಿನ ಅಪರಾಧಿಗಳ ಜೈಲಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಹುಡುಗರು ಆತ್ಮಹತ್ಯೆ ಮಾಡಿಕೊಳ್ಳುವುದು, ಮೈಕೈ ಕೊಯ್ದುಕೊಳ್ಳುವುದು ವಿಪರೀತವಾಗಿತ್ತು. ಆ ಸುದ್ದಿ ಕೇಳಿ ತಡೆಯಲಾರದೆ ಆಸುಪಾಸಿನ ನಿವಾಸಿಗಳಿಬ್ಬರು ಜೈಲಿನವರ ಬಳಿ ಹೋಗಿ, ಇಲ್ಲೊಂದು ರೇಡಿಯೊ ಮಾಡೋಣವೇ ಅಂದರು. 1994ರಲ್ಲಿ ರೇಡಿಯೊ ಫೆಲ್ಟಮ್ ಶುರುವಾಯಿತು. ಅಲ್ಲಿಂದ ಬೆಳೆದದ್ದು 2006ರಲ್ಲಿ ಪ್ರಿಸನ್ ರೇಡಿಯೊ ಅಸೋಸಿಯೇಷನ್ ಎಂಬ ದತ್ತಿ ಸಂಸ್ಥೆಯಾಯಿತು. 2007ರಲ್ಲಿ ಲಂಡನ್ನಿನದೇ ಬ್ರಿಕ್ಸ್‌ಟನ್ ಜೈಲಿನಲ್ಲಿ ಎಲೆಕ್ಟ್ರಿಕ್ ರೇಡಿಯೊ ಬ್ರಿಕ್ಸ್‌ಟನ್ ಬಂತು. ಎರಡೇ ವರ್ಷದಲ್ಲಿ ಅದು ಬ್ರಿಟನ್ನಿನ ರೇಡಿಯೊ ಜನರ ಪಾಲಿಗೆ ದೊಡ್ಡ ಮರ್ಯಾದೆಯಾದ ಸೋನಿ ಪ್ರಶಸ್ತಿಗಳಲ್ಲಿ ನಾಲ್ಕನ್ನು ಗೆದ್ದುಕೊಂಡಿತು. ಅದೇ 2009ರಲ್ಲಿ ನ್ಯಾಷನಲ್ ಪ್ರಿಸನ್ ರೇಡಿಯೊ ಶುರು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ನೂರಕ್ಕೂ ಹೆಚ್ಚು ಜೈಲುಗಳಲ್ಲಿ ದಿನದ 24 ಗಂಟೆಯೂ ಬರುತ್ತದೆ.

ಮನರಂಜನೆ ಬೇಕು ಅಂತ ಯಾರೂ ಇದನ್ನು ಶುರು ಮಾಡಲಿಲ್ಲ. ಸಾಯುತ್ತಿದ್ದ ಹುಡುಗರಿಗಾಗಿ ಶುರು ಮಾಡಿದರು. ಕೆಳಗಿನ ಹಲವು ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ.

ಜೈಲಲ್ಲಿ ಟಿವಿ ಇರುತ್ತದಲ್ಲ, ರೇಡಿಯೊ ಯಾಕೆ?

ಟಿವಿಯಲ್ಲಿ ಬರುವವರಿಗೆ ನೀವು ಒಳಗಿದ್ದೀರಿ ಅಂತ ಗೊತ್ತಿಲ್ಲ.

ಹಗಲು ಹೇಗೋ ಕಳೆಯುತ್ತದೆ. ಕೆಲಸ, ಊಟದ ಸಾಲು, ಕೋರ್ಟಿನ ತಾರೀಖು, ಸಂದರ್ಶನ, ಜಗಳ. ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲಿನದು ಬೇರೆಯೇ ಹೊತ್ತು. ಒಂಟಿ ಸೆಲ್ಲಿನಲ್ಲಿರುವವನಿಗೆ ಗೋಡೆಯೇ ಜೊತೆ. ಬ್ಯಾರಕ್ಕಿನಲ್ಲಿರುವವನು ನೂರು ಜನರ ನಡುವೆ ಮಲಗಿದರೂ ಒಬ್ಬನೇ. ಮನೆಯಲ್ಲಿ ಏನಾಗಿದೆಯೋ, ವಕೀಲರು ಬರುತ್ತಾರೋ ಇಲ್ಲವೋ ಎಂಬ ಲೆಕ್ಕಾಚಾರವೆಲ್ಲ ಆಗಲೇ ತಲೆಗೆ ಹತ್ತುವುದು. ಅಂಥ ಹೊತ್ತಿಗೆ, ಇದೇ ಬೀಗ ನನ್ನ ಬಾಗಿಲಿಗೂ ಬಿದ್ದಿದೆ ಅಂತ ಗೊತ್ತಿರುವ ಒಂದು ದನಿ ಬೇಕಾಗುತ್ತದೆ. ಜೈಲು ರೇಡಿಯೊ ಕೊಡುವುದು ಮುಖ್ಯವಾಗಿ ಆ ದನಿಯನ್ನು. ಉಳಿದ ಲಾಭಗಳೆಲ್ಲ ಅದರ ಬೆನ್ನಿಗೆ ಬಂದಂಥವು.

ಇನ್ನೊಂದು ಕಾರಣವೂ ಇದೆ. ಓದಲು ಬಾರದವರು, ಕಷ್ಟಪಟ್ಟು ಅಕ್ಷರ ಕೂಡಿಸುವವರು ಯಾವ ದೇಶದ ಜೈಲಲ್ಲಾದರೂ ತುಂಬ ಮಂದಿ. ಅವರ ಪಾಲಿಗೆ ಗೋಡೆಗೆ ಅಂಟಿಸಿದ ನೋಟಿಸು ಇದ್ದೂ ಇಲ್ಲದ ಹಾಗೆ. ರೇಡಿಯೊಗೆ ಅಕ್ಷರ ಬೇಡ. 2020ರ ಕೋವಿಡ್ ಕಾಲದಲ್ಲಿ ಇಂಗ್ಲೆಂಡಿನ ಜೈಲುಗಳಲ್ಲಿ ಸೆಲ್ಲಿನ ಬಾಗಿಲು ದಿನಕ್ಕೆ 23 ಗಂಟೆ ಮುಚ್ಚಿರುತ್ತಿತ್ತು, ಸಂದರ್ಶನ ಬಂದ್. ನಿಯಮ ಏನು ಬದಲಾಯಿತು, ಮನೆಯವರನ್ನು ಯಾವಾಗ ನೋಡಬಹುದು ಅನ್ನುವುದೆಲ್ಲ ಒಳಗಿದ್ದವರಿಗೆ ಮುಟ್ಟುವುದಕ್ಕೆ ರೇಡಿಯೊ ದೊಡ್ಡ ದಾರಿಯಾಯಿತು.

ಅದನ್ನು ಅಧಿಕಾರಿಗಳೇ ಓದಿ ಹೇಳಬಹುದಲ್ಲ? ಕೈದಿಗಳೇ ಮಾಡಬೇಕು ಅಂತ ಯಾಕೆ ಹಟ?

ಅಧಿಕಾರಿ ಮೈಕಿನಲ್ಲಿ ಹೇಳಿದರೆ ಅದು ಆದೇಶ. ಅದೇ ಮಾತನ್ನು ಪಕ್ಕದ ಬ್ಯಾರಕ್ಕಿನವನು ಹೇಳಿದರೆ ಅದು ಸುದ್ದಿ.

ನಾನು ಗಾಂಜಾ ಬಿಟ್ಟೆ, ಮೊದಲ ಹತ್ತು ದಿನ ಹೀಗೆ ಹೀಗೆ ಒದ್ದಾಡಿದೆ ಅಂತ ಒಬ್ಬ ಕೈದಿ ಹೇಳಿದರೆ ಇನ್ನೊಬ್ಬ ಕೂತು ಕೇಳುತ್ತಾನೆ. ಬಿಳಿ ಅಂಗಿ ಹಾಕಿಕೊಂಡು ಬಂದವರು ಮಾದಕ ವಸ್ತುಗಳ ದುಷ್ಪರಿಣಾಮಗಳು ಅಂತ ಶುರು ಮಾಡಿದರೆ ಮಗ್ಗುಲು ಬದಲಿಸುತ್ತಾನೆ. ಇಂಗ್ಲೆಂಡಿನ ಜೈಲುಗಳಲ್ಲಿ ಇದೇ ತತ್ವದ ಇನ್ನೊಂದು ಏರ್ಪಾಟಿದೆ. 1991ರಲ್ಲಿ ಸ್ವಾನ್ಸೀ ಜೈಲಿನಲ್ಲಿ ಶುರುವಾದದ್ದು. ಸಂಕಟದಲ್ಲಿರುವ ಕೈದಿಯ ಮಾತನ್ನು ಕೂತು ಕೇಳಲು ಸಮಾರಿಟನ್ಸ್ ಸಂಸ್ಥೆ ಬೇರೆ ಕೈದಿಗಳಿಗೇ ತರಬೇತಿ ಕೊಡುತ್ತದೆ. ಅವರಿಗೆ ಕೇಳುಗರು ಅಂತಲೇ ಹೆಸರು. ಯಾರ ಮುಂದೆ ಅತ್ತರೆ ಅವಮಾನವಾಗುವುದಿಲ್ಲ ಅನ್ನುವುದು ಒಳಗಿದ್ದವರಿಗೇ ಗೊತ್ತು.

ಹಾಗಂತ ಹೊರಗಿನವರು ಬೇಡವೇ ಬೇಡ ಅಂತಲ್ಲ. ಬ್ರಿಕ್ಸ್‌ಟನ್ನಿನಲ್ಲಿ ಅನುಭವಸ್ಥ ರೇಡಿಯೊ ನಿರ್ಮಾಪಕರು ಕೈದಿಗಳ ಜೊತೆ ಕೂತು ಕೆಲಸ ಮಾಡುತ್ತಾರೆ. ಕಸುಬು ಕಲಿಸಿಕೊಡಲು ಕಸುಬುದಾರರು ಬೇಕೇ ಬೇಕು.

ಏನೇನು ಕಾರ್ಯಕ್ರಮ ಇರುತ್ತದೆ? ಬರೀ ಉಪದೇಶವಾ?

ಬರೀ ಉಪದೇಶವಾದರೆ ಮೂರನೇ ದಿನ ಯಾರೂ ಕೇಳುವುದಿಲ್ಲ.

ನ್ಯಾಷನಲ್ ಪ್ರಿಸನ್ ರೇಡಿಯೊದ ಬೆಳಗಿನ ಕಾರ್ಯಕ್ರಮದ ಹೆಸರು ಪಾರಿಜ್, ಅಂದರೆ ಗಂಜಿ. ಇಂಗ್ಲಿಷರ ಆಡುಮಾತಿನಲ್ಲಿ ಗಂಜಿ ಉಣ್ಣುವುದು ಅಂದರೆ ಜೈಲಲ್ಲಿರುವುದು, ನಮ್ಮಲ್ಲಿ ಮುದ್ದೆ ಮುರಿಯುವುದು ಅನ್ನುತ್ತೇವಲ್ಲ, ಥೇಟ್ ಹಾಗೇ. ಬೆಳಿಗ್ಗೆ ಎದ್ದು ಮುದ್ದೆ ಅನ್ನುವ ಹೆಸರಿನ ಕಾರ್ಯಕ್ರಮ ಕೇಳುವುದನ್ನು ಊಹಿಸಿಕೊಳ್ಳಿ! ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಈ ಧೈರ್ಯ ಇಲಾಖೆಯ ಯಾವ ಕಡತದಿಂದಲೂ ಹುಟ್ಟುವುದಿಲ್ಲ. ರಾಕ್ ಸಂಗೀತಕ್ಕೆ ಒಂದು ಕಾರ್ಯಕ್ರಮ, ಬಾಬ್ ಮಾರ್ಲಿ ಮತ್ತು ರೆಗೆಗೆ ಇನ್ನೊಂದು. ಇವುಗಳ ನಡುವೆ ಬಿಡುಗಡೆಯಾದ ಮೇಲೆ ಮನೆ ಹುಡುಕುವುದು ಹೇಗೆ, ಸಾಲ ತೀರಿಸುವುದು ಹೇಗೆ, ಮಕ್ಕಳ ಜೊತೆ ಮತ್ತೆ ಮಾತು ಶುರು ಮಾಡುವುದು ಹೇಗೆ ಎಂಬ ಮಾತುಕತೆ.

ಎಲ್ಲ ಜೈಲುಗಳಲ್ಲೂ ಕೋರಿಕೆಯ ಹಾಡುಗಳಿಗೇ ಹೆಚ್ಚು ಪ್ರೀತಿ. ಇದರಲ್ಲಿ ಆಶ್ಚರ್ಯವೇನಿದೆ? ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ಕೇಳಿದವರ ಊರು, ಹೆಸರು, ಮನೆಮಂದಿಯ ಪಟ್ಟಿಯನ್ನೆಲ್ಲ ಓದುವಾಗ, ಈಗ ನಮ್ಮ ಹೆಸರು ಬಂದೀತು ಅಂತ ಸೆಟ್ಟಿಗೆ ಕಿವಿಯಿಟ್ಟು ಕೂತವರ ಮಕ್ಕಳೇ ನಾವೆಲ್ಲ. ಹಾಡು ಹೇಗೂ ಗೊತ್ತಿದ್ದದ್ದೇ, ಕಾಯುತ್ತಿದ್ದದ್ದು ಹೆಸರಿಗೆ. ನಂಬರಿನಿಂದ ಗುರುತಿಸಿಕೊಳ್ಳುವ ಜಾಗದಲ್ಲಿ ತನ್ನ ಹೆಸರನ್ನು ಒಬ್ಬರು ಪ್ರೀತಿಯಿಂದ ಓದುವುದು ಸಣ್ಣ ಸಂಗತಿಯಲ್ಲ.

ಮನೆಯವರು ರೇಡಿಯೊ ಮೂಲಕ ಒಳಗಿನವರ ಜೊತೆ ಮಾತಾಡಬಹುದಾ?

ಅಮೆರಿಕದಲ್ಲಿ ಎರಡು ಕಡೆ ಇದನ್ನು ಸೊಗಸಾಗಿ ಮಾಡಿದ್ದಾರೆ. ಎರಡೂ ಜೈಲಿನ ಹೊರಗಿನ ಸಮುದಾಯ ಕೇಂದ್ರಗಳು.

ಮೊದಲನೆಯದು ನಾನು ಆಗಲೇ ಹೇಳಿದ ಟೆಕ್ಸಾಸಿನದು. ಹ್ಯೂಸ್ಟನ್ನಿನ ಕೆಪಿಎಫ್‌ಟಿ ಕೇಂದ್ರದಲ್ಲಿ ರೇ ಹಿಲ್ ಎಂಬಾತ 1980ರಲ್ಲಿ ಶುರು ಮಾಡಿದ ದಿ ಪ್ರಿಸನ್ ಶೋ. ಆತ ಸ್ವತಃ ಜೈಲಿನಲ್ಲಿ ಇದ್ದು ಬಂದವನು. ಶುಕ್ರವಾರ ರಾತ್ರಿ ಮೊದಲು ಕಾನೂನು, ಜೈಲಿನ ಸುದ್ದಿ. ಆಮೇಲೆ ಮನೆಯವರ ಫೋನು. ತಾಯಂದಿರು, ಹೆಂಡತಿಯರು, ಮಕ್ಕಳು ನೇರ ಪ್ರಸಾರದಲ್ಲಿ ಮಾತಾಡುತ್ತಾರೆ, ಸೆಲ್ಲಿನಲ್ಲಿ ಪುಟ್ಟ ರೇಡಿಯೊ ಹಿಡಿದು ಕೂತವನು ಕೇಳಿಸಿಕೊಳ್ಳುತ್ತಾನೆ. ಅವನು ತಿರುಗಿ ಉತ್ತರಿಸಲಾರ. ಈ ಕಾರ್ಯಕ್ರಮದಲ್ಲಿ ಮದುವೆಗಳೂ ನಡೆದಿವೆ. ವರ ಜೈಲಲ್ಲಿ, ವಧು ಸ್ಟುಡಿಯೊದಲ್ಲಿ, ವರನ ಪರವಾಗಿ ಬೇರೊಬ್ಬರು ನಿಲ್ಲುವುದು. ರೇ ಹಿಲ್ 2018ರಲ್ಲಿ ತೀರಿಕೊಂಡರು.

ಎರಡನೆಯದು ಕೆಂಟಕಿಯ ಗುಡ್ಡಗಾಡಿನ ವೈಟ್ಸ್‌ಬರ್ಗ್ ಎಂಬ ಪುಟ್ಟ ಊರಿನದು. ಸುತ್ತಲಿನ ಬೆಟ್ಟಗಳಲ್ಲಿ ದೊಡ್ಡ ದೊಡ್ಡ ಜೈಲು ಕಟ್ಟಿ, ದೂರದ ನಗರಗಳ ಕೈದಿಗಳನ್ನು ತಂದು ತುಂಬಿದರು. ಮನೆಯವರಿಗೆ ಬಂದು ಹೋಗಲು ನೂರಾರು ಮೈಲಿ. ಅಲ್ಲಿನ ಡಬ್ಲ್ಯುಎಂಎಂಟಿ ಕೇಂದ್ರದಲ್ಲಿ ಹಿಪ್‌ಹಾಪ್ ಹಾಕುತ್ತಿದ್ದ ಕಾರ್ಯಕ್ರಮಕ್ಕೆ ಜೈಲಿನಿಂದ ಕಾಗದ ಬರತೊಡಗಿದವು, ಆಮೇಲೆ ಮನೆಯವರ ಫೋನು ಶುರುವಾಯಿತು. ಈಗ ಅದು ಮನೆಯಿಂದ ಬಂದ ಕರೆಗಳು ಎಂಬರ್ಥದ ಹೆಸರಿನ ಕಾರ್ಯಕ್ರಮ. ವಾರಕ್ಕೊಮ್ಮೆ ಸಂಜೆ ಮನೆಯವರ ಸಂದೇಶ ಧ್ವನಿ ಮುದ್ರಿಸಿಕೊಂಡು ಅದೇ ರಾತ್ರಿ ಪ್ರಸಾರ ಮಾಡುತ್ತಾರೆ. ಜೈಲು ಕಟ್ಟಿದವರು ಯೋಚಿಸದಿದ್ದದ್ದನ್ನು ಊರಿನ ರೇಡಿಯೊದವರು ಯೋಚಿಸಿದರು.

ಒಳಗಿನವರು ಮಾಡಿದ್ದನ್ನು ಹೊರಗಿನ ನಾವು ಕೇಳಬಹುದಾ?

ಕೆಲವನ್ನು ಕೇಳಬಹುದು. ಲೂಸಿಯಾನದ ಅಂಗೋಲ ಜೈಲಿನ ಕೆಎಲ್‌ಎಸ್‌ಪಿ 1980ರ ದಶಕದಿಂದಲೂ ಸರ್ಕಾರಿ ಪರವಾನಗಿ ಪಡೆದು ನಡೆಯುತ್ತಿರುವ, ಕೈದಿಗಳೇ ನಡೆಸುವ ಎಫ್‌ಎಂ ಕೇಂದ್ರ, ಆದರೆ ಅದರ ದನಿ ಜೈಲು ಮತ್ತು ಆಸುಪಾಸಿಗಷ್ಟೇ. ಕೊಲರಾಡೊ ರಾಜ್ಯದ ಇನ್‌ಸೈಡ್ ವೈರ್ 2022ರ ಮಾರ್ಚ್‌ನಲ್ಲಿ ಶುರುವಾಯಿತು, ಅದನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಕೇಳಬಹುದು.

ಎಲ್ಲಕ್ಕಿಂತ ಹೆಸರಾದದ್ದು ಕ್ಯಾಲಿಫೋರ್ನಿಯದ ಸ್ಯಾನ್ ಕ್ವೆಂಟಿನ್ ಜೈಲಿನ ಇಯರ್ ಹಸಲ್. ಇದು ರೇಡಿಯೊಗಿಂತ ಪಾಡ್‌ಕಾಸ್ಟ್. 2017ರಲ್ಲಿ ಬಂತು. ಕದ್ದು ಕೇಳಿಸಿಕೊಳ್ಳುವುದು ಅನ್ನುವುದಕ್ಕೆ ಅಲ್ಲಿನ ಜೈಲಿನ ಮಾತು ಅದು. ಅದನ್ನು ಕಟ್ಟಿದವರಲ್ಲಿ ಎರ್ಲಾನ್ ವುಡ್ಸ್ ಮತ್ತು ಆಂಟ್ವಾನ್ ವಿಲಿಯಮ್ಸ್ ಒಳಗಿದ್ದವರು, ನೈಜೆಲ್ ಪೂರ್ ಹೊರಗಿನಿಂದ ಬರುತ್ತಿದ್ದ ಕಲಾವಿದೆ. ಸೆಲ್ಲಿನಲ್ಲಿ ಜೊತೆಗಾರನನ್ನು ಆರಿಸಿಕೊಳ್ಳುವುದು ಹೇಗೆ, ಗೋಡೆಯೊಳಗೆ ಪ್ರಾಣಿ ಸಾಕುವುದು ಹೇಗೆ, ಇಂಥವೇ ವಿಷಯ. ಅಪರಾಧದ ರೋಚಕ ಕಥೆ ಬೇಕೆಂದು ಹೋದವರಿಗೆ ನಿರಾಸೆ ಖಚಿತ. ದಿನನಿತ್ಯದ ಬದುಕೇ ಅದರ ಬಂಡವಾಳ.

ಎಲ್ಲವನ್ನೂ ಜೈಲಿನವರು ಕೇಳಿ ಒಪ್ಪಿದ ಮೇಲೆ ತಾನೆ ಪ್ರಸಾರ? ಹಾಗಾದರೆ ಅದು ಕೈದಿಗಳ ದನಿ ಹೇಗಾಯಿತು?

ಈ ಪುಟದಲ್ಲಿ ನನಗೆ ಕಷ್ಟದ ಪ್ರಶ್ನೆ ಇದು. ಹೌದು, ಎಲ್ಲ ಕಡೆ ಯಾರೋ ಒಬ್ಬರು ಕೇಳಿ ಒಪ್ಪುತ್ತಾರೆ. ಇಯರ್ ಹಸಲ್‌ನವರು ಅದನ್ನು ಮುಚ್ಚಿಡಲಿಲ್ಲ. ಕಂತಿನ ಕೊನೆಗೆ ಜೈಲಿನ ಲೆಫ್ಟಿನೆಂಟ್ ಒಬ್ಬರು ಬಂದು, ಇದಕ್ಕೆ ನನ್ನ ಒಪ್ಪಿಗೆ ಇದೆ ಅಂತ ಅವರದೇ ದನಿಯಲ್ಲಿ ಹೇಳುತ್ತಿದ್ದರು. ಕತ್ತರಿ ಯಾರ ಕೈಯಲ್ಲಿದೆ ಅನ್ನುವುದು ಕೇಳುಗನಿಗೆ ಗೊತ್ತಿರಲಿ ಎಂಬ ಈ ಪ್ರಾಮಾಣಿಕತೆ ನನಗೆ ಹಿಡಿಸಿತು.

ಒಪ್ಪಿಗೆ ಇಲ್ಲದ ದಾರಿಯೂ ಇದೆ, ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಪೊಲೀಸ್ ಅಧಿಕಾರಿಯ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಪತ್ರಕರ್ತ ಮುಮಿಯ ಅಬು ಜಮಾಲ್ ಅವರ ಮಾತುಗಳನ್ನು ಅಮೆರಿಕದ ಪ್ರಿಸನ್ ರೇಡಿಯೊ ಎಂಬ ಗುಂಪು 1990ರ ದಶಕದಿಂದ ಧ್ವನಿ ಮುದ್ರಿಸಿಕೊಳ್ಳುತ್ತಾ ಬಂದಿದೆ. 1994ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಅವನ್ನು ಪ್ರಸಾರ ಮಾಡುವುದಾಗಿ ಹೇಳಿ, ಒತ್ತಡ ಬಂದ ಮೇಲೆ ಕೈಬಿಟ್ಟಿತು.

ಒಳಗಿನ ರೇಡಿಯೊದಲ್ಲಿ ಜೈಲನ್ನು ಬೈಯಲು ಬಿಡುವುದಿಲ್ಲ ಅನ್ನುವುದು ನಿಜ. ಆದರೆ ನೀರು ಬರುತ್ತಿಲ್ಲ, ಡಾಕ್ಟರು ಯಾವಾಗ ಬರುತ್ತಾರೆ ಅಂತ ಕೇಳಲೂ ಬಿಡದ ರೇಡಿಯೊ ಇದ್ದರೆ ಅದಕ್ಕಿಂತ ಭಜನೆ ಕ್ಯಾಸೆಟ್ ವಾಸಿ.

ತಪ್ಪು ಮಾಡಿ ಒಳಗೆ ಹೋದವರಿಗೆ ಇದೆಲ್ಲ ಸೌಕರ್ಯ ಯಾಕೆ? ನೊಂದವರ ಗತಿ?

ಪ್ರಶ್ನೆಯ ಎರಡನೇ ಅರ್ಧವನ್ನು ಮೊದಲು ತಗೊಳ್ಳುತ್ತೇನೆ, ಅದೇ ನ್ಯಾಯವಾದದ್ದು. ಮಗನನ್ನು ಕೊಂದವನ ದನಿ ರೇಡಿಯೊದಲ್ಲಿ ಕೇಳಿದರೆ ಆ ತಾಯಿಗೆ ಏನಾಗಬೇಡ? ಒಳಗಷ್ಟೇ ಕೇಳಿಸುವ ರೇಡಿಯೊದಲ್ಲಿ ಈ ತೊಂದರೆ ಕಡಿಮೆ. ಹೊರಗೂ ಕೇಳಿಸುವುದಾದರೆ ಪ್ರಕರಣದ ವಿವರ ಎತ್ತದೆ, ಪೂರ್ತಿ ಹೆಸರು ಹೇಳದೆ, ಶೌರ್ಯದ ಧಾಟಿಗೆ ಬಿಡದೆ ನಡೆಸಬೇಕು. ಆದರೆ ಕಾನೂನಿನಿಂದ ಬಾಯಿ ಮುಚ್ಚಿಸುವುದು ಬೇರೆ ಮಾತು. ಪೆನ್ಸಿಲ್ವೇನಿಯ ರಾಜ್ಯ 2014ರಲ್ಲಿ ನೊಂದವರಿಗೆ ಮತ್ತೆ ನೋವಾಗುವ ನಡವಳಿಕೆಯನ್ನು ತಡೆಯುವ ಹೆಸರಿನಲ್ಲಿ ಒಂದು ಕಾಯ್ದೆ ತಂದಿತು, ಅದೇ ಅಬು ಜಮಾಲ್ ಅವರ ಧ್ವನಿಮುದ್ರಿತ ಭಾಷಣವೊಂದರ ಬೆನ್ನಿಗೆ. ಮರುವರ್ಷವೇ ನ್ಯಾಯಾಲಯ ಅದು ಸಂವಿಧಾನಬಾಹಿರ ಅಂದಿತು.

ಇನ್ನು ಮೊದಲರ್ಧ. ನಮ್ಮ ದೇಶದ ಮಟ್ಟಿಗೆ "ತಪ್ಪು ಮಾಡಿ ಒಳಗೆ ಹೋದವರು" ಅನ್ನುವ ಮಾತೇ ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರ ಕೊನೆಗೆ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು ತಪ್ಪು ಮಾಡಿದ್ದಾರೆಂದು ಆ ಪ್ರಕರಣದಲ್ಲಿ ಯಾವ ನ್ಯಾಯಾಲಯವೂ ಇನ್ನೂ ಹೇಳಿಲ್ಲ.

ಭಾರತದಲ್ಲಿ ಎಲ್ಲೆಲ್ಲಿ ಇದೆ?

ತಿಹಾರ್‌ನಲ್ಲಿ ಇದೆ. ಪುಣೆಯ ಯೆರವಾಡದ್ದು ಹೆಚ್ಚು ಜನರ ಕಿವಿಗೆ ಬಿದ್ದದ್ದು ಸಂಜಯ್ ದತ್ ಅವರಿಂದ. 2016ರ ಫೆಬ್ರುವರಿಯಲ್ಲಿ ಬಿಡುಗಡೆಯಾಗುವ ಮುಂಚೆ ಅವರು ಅಲ್ಲಿ ಕಾಗದದ ಚೀಲ ಮಾಡುತ್ತಿದ್ದರು, ಜೈಲಿನ ರೇಡಿಯೊದಲ್ಲಿ ಮಾತಾಡುತ್ತಿದ್ದರು. ಆಗ್ರಾ ಜಿಲ್ಲಾ ಜೈಲಿನಲ್ಲಿ 2019ರಲ್ಲಿ, ಹರಿಯಾಣದ ಪಾಣಿಪತ್‌ನಲ್ಲಿ 2021ರ ಜನವರಿಯಲ್ಲಿ ಶುರುವಾದವು. ಈ ಎರಡರ ಹಿಂದೆಯೂ ಪತ್ರಕರ್ತೆ, ಅಧ್ಯಾಪಕಿ ವರ್ತಿಕಾ ನಂದಾ ಅವರ ತಿನಕಾ ತಿನಕಾ ಫೌಂಡೇಶನ್ನಿನ ದುಡಿಮೆ ಇದೆ. ಹರಿಯಾಣದಲ್ಲಿ ಆಡಿಷನ್ ಮಾಡಿ ಕೈದಿಗಳನ್ನು ಆರಿಸಿ, ತರಬೇತಿ ಕೊಟ್ಟ ಮೇಲೆಯೇ ಮೈಕ್ ಕೈಗೆ ಕೊಟ್ಟರು.

ನಮ್ಮವುಗಳ ಬಗ್ಗೆ ನನ್ನದೊಂದು ತಕರಾರಿದೆ. ಸ್ಪೀಕರ್ ಬ್ಯಾರಕ್ಕಿನ ಗೋಡೆಯ ಮೇಲಿರುತ್ತದೆ, ಸ್ವಿಚ್ ಕಚೇರಿಯಲ್ಲಿರುತ್ತದೆ. ಬೇಡ ಅಂದಾಗ ಆರಿಸಲಾಗದ್ದು ರೇಡಿಯೊ ಅಲ್ಲ, ಬಸ್ ನಿಲ್ದಾಣದ ಅನೌನ್ಸ್‌ಮೆಂಟು. ಜೊತೆಗೆ ಹಲವು ಕಡೆ ಹಗಲಲ್ಲಿ ಒಂದೆರಡು ಗಂಟೆ ನಡೆಸಿ ಮುಗಿಸುತ್ತಾರೆ. ಬೇಕಾಗುವುದು ರಾತ್ರಿಗೆ.

ಇದಕ್ಕೆ ಲೈಸೆನ್ಸ್ ಬೇಕಾ?

ಗಾಳಿಯಲ್ಲಿ ಬಿಡುವುದಾದರೆ ಬೇಕು. ತಂತಿಯಲ್ಲಿ ಕಾಂಪೌಂಡಿನ ಒಳಗೇ ಕಳಿಸಿದರೆ ತರಂಗಾಂತರದ ಪ್ರಶ್ನೆಯೇ ಬರುವುದಿಲ್ಲ, ಜೈಲು ಇಲಾಖೆಯ ಒಪ್ಪಿಗೆ ಇದ್ದರಾಯಿತು. ಕಾರಾಗೃಹ ರಾಜ್ಯ ಪಟ್ಟಿಯ ವಿಷಯ, ಹಾಗಾಗಿ ಕಡತ ದೆಹಲಿಗೆ ಹೋಗಬೇಕಿಲ್ಲ.

ಈ ತಂತಿಯ ಉಪಾಯದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿ ಎಂಬ ಸಮುದಾಯ ರೇಡಿಯೊ, ಸಮುದಾಯಕ್ಕೆ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿಯೇ ಇಲ್ಲದಿದ್ದ ಕಾಲದಲ್ಲಿ, ಹಳ್ಳಿಯ ಟಿವಿ ಕೇಬಲ್ಲಿನಲ್ಲೇ ಕಾರ್ಯಕ್ರಮ ಕಳಿಸುತ್ತಿತ್ತು. ಜನ ಟಿವಿ ಹಾಕಿ ರೇಡಿಯೊ ಕೇಳುತ್ತಿದ್ದರು. ಬ್ರಿಕ್ಸ್‌ಟನ್ನಿನಿಂದ ಸೆಲ್ಲಿನ ಟಿವಿಗೆ ದನಿ ಹೋಗುವುದಕ್ಕಿಂತ ಮುಂಚಿನ ಮಾತು ಇದು.

ನಮ್ಮ ಜೈಲುಗಳಲ್ಲಿ ಮಾಡಿದರೆ ಏನನ್ನು ಮೊದಲು ಪ್ರಸಾರ ಮಾಡಬೇಕು?

ನನ್ನನ್ನು ಕೇಳಿದರೆ, 479ನೇ ಕಲಂ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಈ ಕಲಂ ಪ್ರಕಾರ, ಹಿಂದೆ ಯಾವತ್ತೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ತನ್ನ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡುಗಡೆಗೆ ಅರ್ಹ. ಉಳಿದವರಿಗೆ ಅರ್ಧ ಅವಧಿ. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಇದು ಅನ್ವಯಿಸದು. ಅರ್ಜಿ ಹಾಕಬೇಕಾದದ್ದು ಜೈಲು ಸೂಪರಿಂಟೆಂಡೆಂಟರ ಹೊಣೆ. ಈ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚಿನ ಪ್ರಕರಣಗಳಿಗೂ ಇದು ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟನ್ನು ಕನ್ನಡದಲ್ಲಿ, ತಮಿಳು, ತೆಲುಗು, ಉರ್ದು, ಹಿಂದಿಯಲ್ಲಿ, ಬ್ಯಾರಕ್ಕಿನ ಭಾಷೆಯಲ್ಲಿ, ಇದರಿಂದಲೇ ಜಾಮೀನು ಸಿಕ್ಕವನ ಉದಾಹರಣೆ ಸಮೇತ ದಿನಾ ಹೇಳಿದರೆ ಆ ರೇಡಿಯೊದ ಖರ್ಚು ವಸೂಲಾದ ಹಾಗೆ. ಉಚಿತ ಕಾನೂನು ನೆರವಿನ 15100 ನಂಬರನ್ನೂ ಜೊತೆಗೆ ಹೇಳಲಿ, ಮನೆಯವರಿಗೆ ತಿಳಿಸಲು ಆಗುತ್ತದೆ.

ಆಮೇಲೆ ಹಾಡು. ತತ್ವಪದ ಬಲ್ಲವರು, ಲಾವಣಿ ಹೇಳುವವರು, ಬಯಲಾಟದ ಮಾತುಗಾರರು ಒಳಗೂ ಇದ್ದಾರೆ. ಹುಲುಗಪ್ಪ ಕಟ್ಟೀಮನಿ ಅವರು ನಮ್ಮ ಜೈಲುಗಳ ಕೈದಿಗಳಿಂದ ನಾಟಕ ಮಾಡಿಸಿ ಹೊರಗಿನ ರಂಗಮಂದಿರಗಳಿಗೂ ತಂದರಲ್ಲ, ಅಲ್ಲಿ ಪ್ರತಿಭೆಗೆ ಕೊರತೆ ಕಾಣಲಿಲ್ಲ.

ಬಿಡುಗಡೆ ಆದ ಮೇಲೆ ರೇಡಿಯೊದಲ್ಲೇ ಕೆಲಸ ಸಿಗುತ್ತದಾ?

ಅಪರೂಪ. ಎರ್ಲಾನ್ ವುಡ್ಸ್ ಅವರ ಶಿಕ್ಷೆಯನ್ನು 2018ರ ನವೆಂಬರ್‌ನಲ್ಲಿ ಗವರ್ನರ್ ಕಡಿತಗೊಳಿಸಿದರು, ಅವರು ಹೊರಗೆ ಬಂದು ಅದೇ ಪಾಡ್‌ಕಾಸ್ಟಿನಲ್ಲಿ ಮುಂದುವರಿದರು. ಅಂಥವರು ಬೆರಳೆಣಿಕೆ. ಉಳಿದವರಿಗೆ ಸಿಗುವುದು ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ಅಭ್ಯಾಸ, ನಾಲ್ಕು ಜನರ ಮುಂದೆ ತಡವರಿಸದೆ ಮಾತಾಡುವ ಧೈರ್ಯ. ಕೆಲಸ ಕೇಳಲು ಹೋದಾಗ ಅದು ಸಾಕಷ್ಟಾಗುತ್ತದೆ, ಬಾಗಿಲು ತೆರೆದರೆ.

ಇಂಥದ್ದನ್ನು ಶುರು ಮಾಡಲು ಎಷ್ಟು ಸಾಮಾನು ಬೇಕು?

ಎರಡು ಮೈಕ್, ಒಂದು ಸಣ್ಣ ಮಿಕ್ಸರ್, ಇಂಟರ್‌ನೆಟ್ ಇಲ್ಲದ ಒಂದು ಕಂಪ್ಯೂಟರ್, ಆಂಪ್ಲಿಫೈಯರ್, ತಂತಿ, ಸ್ಪೀಕರು. ಗೋಡೆಗೆ ಹಳೆಯ ಕಂಬಳಿ ಹೊಡೆದರೆ ದನಿಯ ಗುಂಯ್ ಕಡಿಮೆಯಾಗುತ್ತದೆ. ಹಣವಿದ್ದರೆ ಒಬ್ಬೊಬ್ಬರಿಗೂ ಇಯರ್‌ಫೋನ್ ಇರುವ ಪುಟ್ಟ ರೇಡಿಯೊ, ಸ್ವಿಚ್ ಅವರವರ ಕೈಯಲ್ಲೇ. ವಾರಕ್ಕೆರಡು ಸಲ ತಪ್ಪದೆ ಬಂದು ಕಲಿಸುವ ಒಬ್ಬರು ಬೇಕು, ಅವರು ಸಿಗುವುದು ಸ್ವಲ್ಪ ಕಷ್ಟ. ಕೋರಿಕೆ ಬರೆದು ಹಾಕಲು ಬ್ಯಾರಕ್ಕಿಗೊಂದು ಡಬ್ಬ, ಬರೆಯಲು ಬಾರದವರ ಪರವಾಗಿ ಬರೆದುಕೊಡಲು ಒಬ್ಬ ಕೈದಿ. ಡಬ್ಬದ ಬೀಗದ ಕೈ ಮಾತ್ರ ರೇಡಿಯೊ ತಂಡದ ಬಳಿಯೇ ಇರಲಿ.